ರೇಡಿಯೋದ ಮಾತು ಕೊಟ್ಟಿಗೆ ಮುಟ್ಟಬೇಕಾದರೆ

ಹೈನುಗಾರರ ಪಾಠ
ಪಶುವೈದ್ಯಾಧಿಕಾರಿಯಿಂದ



ಪ್ರತಿ ಸಂಚಿಕೆಯಲ್ಲೂ ಮೇವು, ಹಿಂಡಿ, ಖನಿಜ ಮಿಶ್ರಣ, ಕೆಚ್ಚಲು ಬಾವು ಎಂದು ಓದುತ್ತಲೇ ಇದ್ದೀರಿ. ಈ ಸಲದ ಪಾಠ ರೇಡಿಯೋ ಕೇಳುವುದರ ಬಗ್ಗೆ. ಪಶುವೈದ್ಯರಿಗೂ ರೇಡಿಯೋಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ರೇಡಿಯೋದಲ್ಲಿ ನಾನು ಆಡಿದ ಒಂದು ಮಾತಿನಿಂದಾಗಿ ಒಂದು ಮನೆಯ ಕರು ಸತ್ತಿತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ತಪ್ಪಿನಿಂದ ಕಲಿತದ್ದು

ನಾನು ಕೆಲಸಕ್ಕೆ ಸೇರಿದ ಹೊಸದು. ಕಾಲುಬಾಯಿ ರೋಗದ ಲಸಿಕೆಯ ಬಗ್ಗೆ ಹದಿನೈದು ನಿಮಿಷ ಮಾತನಾಡಲು ಒಂದು ಬಾನುಲಿ ಕೇಂದ್ರದವರು ಕರೆದಿದ್ದರು. ಪುಸ್ತಕ ನೋಡಿ, ಎರಡು ರಾತ್ರಿ ಕೂತು ಭಾಷಣ ಬರೆದುಕೊಂಡು ಹೋಗಿ ಓದಿದೆ. ಅದರ ನಡುವೆ ಹೀಗೊಂದು ವಾಕ್ಯವಿತ್ತು: "ಲಸಿಕೆ ಹಾಕಿಸಿದ ನಂತರ ಹಾಲಿನ ಇಳುವರಿಯಲ್ಲಿ ಇಳಿಕೆ ಕಂಡುಬರಬಹುದಾದರೂ ಅದು ತಾತ್ಕಾಲಿಕವಾಗಿದ್ದು, ರೋಗ ನಿರೋಧಕ ಶಕ್ತಿಯ ದೃಷ್ಟಿಯಿಂದ ಅದನ್ನು ಗಣನೆಗೆ ತೆಗೆದುಕೊಳ್ಳಬೇಕಾಗಿಲ್ಲ."

ವಾಕ್ಯದಲ್ಲಿ ಸುಳ್ಳೇನೂ ಇಲ್ಲ. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಸಿಗುತ್ತಿತ್ತು.

ಕೆಲವು ವಾರ ಕಳೆದ ಮೇಲೆ ಲಸಿಕೆಯ ಸುತ್ತು ಬಂತು. ಮುಳಬಾಗಿಲು ತಾಲ್ಲೂಕಿನಲ್ಲಿ ಆಂಧ್ರದ ಗಡಿಗೆ ಹತ್ತಿರದ ಒಂದು ಹಳ್ಳಿಗೆ ಐಸ್ ಪೆಟ್ಟಿಗೆ ಹಿಡಿದು ಹೋದೆವು. ನಾಲ್ಕಾರು ಮನೆಯವರು ಹಸುಗಳನ್ನು ಬೆಳಗ್ಗೆಯೇ ತೋಟದ ಕಡೆ ಹೊಡೆದುಕೊಂಡು ಹೋಗಿದ್ದರು. ಎರಡು ಸೀಮೆ ಹಸು ಸಾಕಿಕೊಂಡಿದ್ದ ಒಬ್ಬ ಹಿರಿಯ ತಾಯಿ ಮಾತ್ರ ಬಾಗಿಲಲ್ಲೇ ನಿಂತು ನೇರವಾಗಿ ಹೇಳಿದರು: "ಬೇಡ ಸಾರ್. ಹಾಲು ಇಳಿದೋಗ್ತದೆ ಅಂತ ರೇಡಿಯೋದಲ್ಲಿ ಡಾಕ್ಟ್ರೇ ಹೇಳವ್ರೆ. ನಮ್ಮ ಹುಡುಗ ಕೇಳಿಸ್ಕಂಡವ್ನೆ."

ಆ ಡಾಕ್ಟರು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ಮಗನನ್ನು ಕರೆಸಿ ವಿಚಾರಿಸಿದೆ. ಅವನು ಕೇಳಿದ್ದು ನಿಜ. ಆದರೆ "ಇಳಿಕೆ ಕಂಡುಬರಬಹುದು" ಎನ್ನುವಷ್ಟರಲ್ಲಿ ತ್ರೀ ಫೇಸ್ ಕರೆಂಟು ಬಂತಂತೆ, ಮೋಟಾರು ಹಾಕಲು ಎದ್ದು ಹೋದನಂತೆ. ನನ್ನ ಉದ್ದ ವಾಕ್ಯದ ಮೊದಲರ್ಧ ಅವರ ಮನೆಗೆ ತಲುಪಿತು, ಉಳಿದರ್ಧ ತಲುಪಲಿಲ್ಲ. ಅಲ್ಲೇ ನಿಂತು ವಿವರಿಸಿದೆ. ಅವರು ಒಪ್ಪಲಿಲ್ಲ. ಹಾಲಿನ ದುಡ್ಡಿನಲ್ಲೇ ಹದಿನೈದು ದಿನದ ಸಂಸಾರ ನಡೆಯುವ ಮನೆ ಅದು. ಅವರನ್ನು ದೂರಲು ನನಗೆ ಮುಖವಿರಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಆ ಭಾಗದಲ್ಲಿ ಕಾಲುಬಾಯಿ ಕಾಣಿಸಿಕೊಂಡಿತು. ಅವರ ಎರಡೂ ಹಸುಗಳಿಗೆ ಬಂತು. ಹಸುಗಳು ಉಳಿದವು. ಎರಡು ತಿಂಗಳ ಹೆಣ್ಣು ಕರು ಮಾತ್ರ ಒಂದು ಬೆಳಗ್ಗೆ ಹಾಲು ಕುಡಿಯುತ್ತಾ ಇದ್ದಂತೆಯೇ ಬಿದ್ದು ಸತ್ತಿತು. ಈ ರೋಗದ ವೈರಾಣು ಎಳೆಗರುಗಳ ಹೃದಯದ ಮಾಂಸವನ್ನೇ ಹಾಳು ಮಾಡುತ್ತದೆ. ಕರುವಿಗೆ ಲಸಿಕೆ ಹಾಕುವ ವಯಸ್ಸು ಆಗಿರಲಿಲ್ಲ. ಲಸಿಕೆ ಪಡೆದ ತಾಯಿಯ ಗಿಣ್ಣುಹಾಲಿನಿಂದ ಅದಕ್ಕೆ ರಕ್ಷಣೆ ಬರಬೇಕಾಗಿತ್ತು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಓದಿದವರು ರೇಡಿಯೋದಲ್ಲಿ ಸರಿಯಾದದ್ದನ್ನೇ ಹೇಳಿದರೂ ಅದು ಕೊಟ್ಟಿಗೆಗೆ ಸರಿಯಾಗಿ ಏಕೆ ತಲುಪುವುದಿಲ್ಲ? ತಲುಪಿದ ಕಡೆ ಹೇಗೆ ತಲುಪಿತು? ಇದಕ್ಕೆ ನಮ್ಮ ನಾಡಿನಲ್ಲೇ, ನಮ್ಮ ಜಿಲ್ಲೆಯಲ್ಲೇ ಉತ್ತರಗಳಿವೆ.

ಮೇಷ್ಟ್ರು ಕಟ್ಟಿದ ಆಕಾಶವಾಣಿ

ನಮ್ಮ ರಾಜ್ಯದಲ್ಲಿ ರೇಡಿಯೋ ಶುರುವಾದದ್ದೇ ಒಬ್ಬ ಕಾಲೇಜು ಮೇಷ್ಟ್ರ ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಚಿಕ್ಕ ಪ್ರೇಷಕ ಯಂತ್ರ ಇಟ್ಟು ಪ್ರಸಾರ ಆರಂಭಿಸಿದರು. ಒಂದು ಮನೆಯ ಬಲ್ಬಿಗೆ ಬೇಕಾಗುವಷ್ಟು ಶಕ್ತಿ ಅದು. ಅವರ ಕೇಂದ್ರಕ್ಕೆ "ಆಕಾಶವಾಣಿ" ಎಂಬ ಹೆಸರಿತ್ತು. ಮುಂದೆ ಇಡೀ ದೇಶದ ಸರ್ಕಾರಿ ರೇಡಿಯೋ ಅದೇ ಹೆಸರನ್ನು ಪಡೆಯಿತು. ಓದು ಬರಹ ಬಾರದವರಿಗೂ ತಿಳಿವಳಿಕೆ ಮುಟ್ಟಿಸಲು ಕಿವಿಯ ದಾರಿ ಇದೆ ಎಂಬುದನ್ನು ಅಷ್ಟು ಹಿಂದೆಯೇ ಒಬ್ಬ ಅಧ್ಯಾಪಕರು ತಮ್ಮ ಮನೆಯಿಂದ ಮಾಡಿ ತೋರಿಸಿದ್ದರು.

ಆಮೇಲೆ ಹಳ್ಳಿಗಾಗಿಯೇ ಕಾರ್ಯಕ್ರಮಗಳು ಬಂದವು. 1966ರಿಂದ ಆಕಾಶವಾಣಿ ತನ್ನ ಕೇಂದ್ರಗಳಲ್ಲಿ ಕೃಷಿ ಮತ್ತು ಗೃಹ ವಿಭಾಗಗಳನ್ನು ತೆರೆಯಿತು. ಕೃಷಿ ವಿಶ್ವವಿದ್ಯಾನಿಲಯದ, ಪಶುವೈದ್ಯ ಕಾಲೇಜಿನ ವಿಜ್ಞಾನಿಗಳು ಸ್ಟುಡಿಯೋಗೆ ಬಂದು ಮಾತನಾಡುವುದು ರೂಢಿಯಾಯಿತು. ಬೆಂಗಳೂರು ಆಕಾಶವಾಣಿಯ ಕೃಷಿರಂಗ ನಮ್ಮ ಕಡೆಯ ಎಷ್ಟೋ ಹಿರಿಯರಿಗೆ ನೆನಪಿದೆ. 2004ರಲ್ಲಿ ಕಿಸಾನ್ ವಾಣಿ ಬಂತು. ಪಕ್ಕದ ತಮಿಳುನಾಡಿನ ತಂಜಾವೂರಿನಲ್ಲಿ 1960ರ ದಶಕದಲ್ಲಿ ಎ.ಡಿ.ಟಿ.-27 ಎಂಬ ಭತ್ತದ ತಳಿಯನ್ನು ರೇಡಿಯೋ ಎಷ್ಟು ಪ್ರಚಾರ ಮಾಡಿತೆಂದರೆ, ರೈತರು ಅದನ್ನು "ರೇಡಿಯೋ ಅಕ್ಕಿ" ಎಂದೇ ಕರೆದರು. ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ತಳಿಗೆ ಜನ ಇಟ್ಟ ಹೆಸರು ರೇಡಿಯೋದ್ದು.

ಇದೆಲ್ಲ ಮಾತು ತಲುಪಿದ ಕಥೆ. ತಲುಪಿತೋ ಇಲ್ಲವೋ ಎಂದು ಯಾರಾದರೂ ಅಳೆದು ನೋಡಿದ್ದಾರೆಯೇ? ನೋಡಿದ್ದಾರೆ.

ಪುಣೆಯ ಕೇಳುಗರ ಕೂಟ

1941ರಲ್ಲಿ ಕೆನಡಾ ದೇಶದಲ್ಲಿ ಒಂದು ಪದ್ಧತಿ ಆರಂಭವಾಯಿತು. ಅಲ್ಲಿನ ರೇಡಿಯೋ ಸಂಸ್ಥೆ, ವಯಸ್ಕರ ಶಿಕ್ಷಣ ಸಂಘ ಮತ್ತು ರೈತರ ಒಕ್ಕೂಟ, ಮೂವರೂ ಸೇರಿ ಕೃಷಿ ಕಾರ್ಯಕ್ರಮ ನಡೆಸಿದರು. ಅಕ್ಕಪಕ್ಕದ ಮನೆಯವರು ಒಂದೆಡೆ ಸೇರಿ ಕೇಳಬೇಕು, ಕೇಳಿದ ಮೇಲೆ ಚರ್ಚೆ ಮಾಡಬೇಕು, ಚರ್ಚೆಯಲ್ಲಿ ಬಂದದ್ದನ್ನು ಬರೆದು ಕಳಿಸಬೇಕು. ಓದು, ಕೇಳು, ಚರ್ಚಿಸು, ಮಾಡು ಎಂಬುದು ಅವರ ಸೂತ್ರ.

ಅದನ್ನೇ 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆ ಆಕಾಶವಾಣಿ ನಮ್ಮ ದೇಶದಲ್ಲಿ ಪರೀಕ್ಷಿಸಿತು. ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಕೇಳುಗರ ಕೂಟಗಳಾದವು. ವಾರಕ್ಕೆ ಎರಡು ಸಲ, ಅರ್ಧ ಗಂಟೆಯಂತೆ, ಒಟ್ಟು 20 ಕಾರ್ಯಕ್ರಮ. ಕೂಟದಲ್ಲಿ ಇಪ್ಪತ್ತರಷ್ಟು ಜನ ಕೂತು ಕೇಳುವರು, ಮಾತನಾಡುವರು, ಬಂದ ಪ್ರಶ್ನೆಗಳನ್ನು ಕೇಂದ್ರಕ್ಕೆ ಕಳಿಸುವರು. ಕೇಂದ್ರ ಮುಂದಿನ ಕಾರ್ಯಕ್ರಮಗಳಲ್ಲಿ ಅದಕ್ಕೆ ಉತ್ತರ ಕೊಡುವುದು.

ಅಳೆಯುವ ಕೆಲಸವನ್ನು ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ವಹಿಸಿಕೊಂಡಿತು. ಸಮಾಜಶಾಸ್ತ್ರಜ್ಞ ಪಾಲ್ ನ್ಯೂರಾತ್ ಅದರ ಹೊಣೆ ಹೊತ್ತಿದ್ದರು. ಅವರು ಮೂರು ಬಗೆಯ ಹಳ್ಳಿಗಳನ್ನು ಹೋಲಿಸಿದರು. ರೇಡಿಯೋವೂ ಇದ್ದು ಕೂಟವೂ ಇದ್ದ ಹಳ್ಳಿ ಒಂದು, ರೇಡಿಯೋ ಇದ್ದು ಕೂಟ ಇಲ್ಲದ ಹಳ್ಳಿ ಇನ್ನೊಂದು, ರೇಡಿಯೋವೇ ಇಲ್ಲದ ಹಳ್ಳಿ ಮತ್ತೊಂದು. ಪ್ರಸಾರಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಜನರನ್ನು ಪ್ರಶ್ನೆ ಕೇಳಿದರು. ತಿಳಿವಳಿಕೆ ಹೆಚ್ಚು ಏರಿದ್ದು ಕೂಟ ಇದ್ದ ಹಳ್ಳಿಗಳಲ್ಲಿ. ರೇಡಿಯೋ ಇದ್ದೂ ಕೂಟ ಇಲ್ಲದ ಹಳ್ಳಿಗಳಲ್ಲಿ ಅಷ್ಟು ಏರಲಿಲ್ಲ. 1959ರಲ್ಲಿ ಈ ಪದ್ಧತಿಯನ್ನು ದೇಶದ ಉಳಿದ ಕಡೆಗೂ ವಿಸ್ತರಿಸಿದರು.

ಇದರಿಂದ ನಾನು ಕಲಿತ ಪಾಠ ಇಷ್ಟು. ಪೆಟ್ಟಿಗೆ ಮಾತನಾಡಿದರೆ ಸಾಲದು, ಕೇಳಿದವರು ತಿರುಗಿ ಕೇಳಲು ಒಂದು ದಾರಿ ಇರಬೇಕು. ಆ ಹುಡುಗ ಮೋಟಾರು ಹಾಕಿ ಬಂದವನು "ಡಾಕ್ಟ್ರು ಆಮೇಲೆ ಏನಂದ್ರು?" ಎಂದು ಪಕ್ಕದವರನ್ನು ಕೇಳುವಂತಿದ್ದರೆ ಆ ಮನೆಯಲ್ಲಿ ಲಸಿಕೆ ಬಿದ್ದಿರುತ್ತಿತ್ತು.

ಬೂದಿಕೋಟೆಯಲ್ಲಿ ಕೇಳುವವರೇ ಹೇಳುವವರಾದರು

ತಿರುಗಿ ಕೇಳುವ ದಾರಿಯನ್ನು ಇನ್ನೂ ಮುಂದಕ್ಕೆ ತೆಗೆದುಕೊಂಡು ಹೋದದ್ದು ನಮ್ಮದೇ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ. ಹೈದರಾಲಿ ಹುಟ್ಟಿದ ಊರು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ರೇಡಿಯೋ ವಿಷಯದಲ್ಲೂ ಅದಕ್ಕೆ ಹೆಸರಿದೆ.

ವಾಯು ತರಂಗಗಳು ಸಾರ್ವಜನಿಕ ಆಸ್ತಿ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೂ ಹಳ್ಳಿಯವರು ಸ್ವಂತ ರೇಡಿಯೋ ನಡೆಸಲು ಆಗ ಪರವಾನಗಿ ಸಿಗುತ್ತಿರಲಿಲ್ಲ. ಅಂಥ ಸಮಯದಲ್ಲಿ, 2000ದ ದಶಕದ ಆರಂಭದಲ್ಲಿ, ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಬೂದಿಕೋಟೆಯಲ್ಲಿ "ನಮ್ಮ ಧ್ವನಿ" ಆರಂಭಿಸಿದವು. ಗಾಳಿಯಲ್ಲಿ ಬಿಡಲು ಆಗದ ಕಾರ್ಯಕ್ರಮವನ್ನು ಟಿ.ವಿ. ಕೇಬಲ್ ಮೂಲಕ ಮನೆಗೆ ಕಳಿಸಿದರು. ಕ್ಯಾಸೆಟ್, ಧ್ವನಿವರ್ಧಕದಲ್ಲೂ ಕೇಳಿಸಿದರು. ಕಾರ್ಯಕ್ರಮ ಮಾಡಿದವರಲ್ಲಿ ಮಹಿಳಾ ಸ್ವಸಹಾಯ ಸಂಘದವರು, ಊರಿನ ಹುಡುಗ ಹುಡುಗಿಯರು ಇದ್ದರು. ಮೈಕು ಹಿಡಿದವರು ಊರಿನವರೇ ಆದ್ದರಿಂದ ಪ್ರಶ್ನೆ ಊರಿನದಾಗಿತ್ತು, ಮಾತೂ ಊರಿನದಾಗಿತ್ತು. ಆಮೇಲೆ ಪರವಾನಗಿ ಸಿಕ್ಕಿ ಎಫ್‌ಎಂ ಕೂಡ ಬಂತು.

ಸರ್ಕಾರ 2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಮತ್ತು ಕೃಷಿ ವಿಜ್ಞಾನ ಕೇಂದ್ರಗಳಿಗೆ ಸಮುದಾಯ ಬಾನುಲಿ ನಡೆಸಲು ಅವಕಾಶ ಕೊಟ್ಟಿತು. 2007ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ ತನ್ನದೇ ಕೃಷಿ ಸಮುದಾಯ ಬಾನುಲಿ ತೆರೆಯಿತು. ಅಲ್ಲಿ ವಿಜ್ಞಾನಿಯ ಕೋಣೆಗೂ ಮೈಕಿಗೂ ನಡುವೆ ಒಂದೇ ಅಂಗಳ.

ಮೂವರ ಕೆಲಸ

ಒಂದು ಒಳ್ಳೆಯ ವಿಜ್ಞಾನ ಕಾರ್ಯಕ್ರಮಕ್ಕೆ ಮೂವರು ಬೇಕು: ವಿಷಯ ಬಲ್ಲವರು, ಕಿವಿ ಬಲ್ಲವರು, ಕೊಟ್ಟಿಗೆ ಬಲ್ಲವರು. ಕರು ಸತ್ತ ಮೇಲೆ ನಾನು ಮತ್ತೆ ಆ ಕೇಂದ್ರಕ್ಕೆ ಹೋಗಿ ನಡೆದದ್ದನ್ನು ಹೇಳಿದೆ. ಅಲ್ಲಿನ ಕಾರ್ಯಕ್ರಮ ನಿರ್ವಾಹಕಿ ನನ್ನ ಹಳೆಯ ಭಾಷಣವನ್ನು ಮುಂದಿಟ್ಟುಕೊಂಡು, "ಸಾರ್, ನಿಮ್ಮ ಕೇಳುಗರ ಕೈ ಕೆಚ್ಚಲಿನ ಮೇಲಿದೆ, ಒಂದು ಕಣ್ಣು ಒಲೆಯ ಮೇಲಿದೆ. ನಿಮಗೆ ಕೊಟ್ಟಿರೋದು ಒಂದು ಕಿವಿ ಮಾತ್ರ" ಎಂದರು. ಅವರು ಅಂದು ಕಲಿಸಿದ್ದು ಹೀಗಿದೆ:

- ಒಂದು ಕಾರ್ಯಕ್ರಮಕ್ಕೆ ಒಂದೇ ವಿಷಯ.
- ಮಾಡಬೇಕಾದ್ದನ್ನು ಮೊದಲು ಹೇಳಬೇಕು. ಕಾರಣ ಆಮೇಲೆ. ಮುಗಿಸುವಾಗ ಮಾಡಬೇಕಾದ್ದನ್ನೇ ಮತ್ತೊಮ್ಮೆ ಹೇಳಬೇಕು.
- ನಡುವೆ "ಆದರೂ" ಎಂದು ತಿರುಗುವ ಉದ್ದ ವಾಕ್ಯ ಬೇಡ. ಅರ್ಧ ಕೇಳಿ ಎದ್ದು ಹೋದವರಿಗೂ ಆ ಅರ್ಧ ಸರಿಯಾಗಿಯೇ ಇರಬೇಕು.
- ಜನ ಆಡುವ ಹೆಸರನ್ನೇ ಬಳಸಬೇಕು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಆಡುವವರು ಕಾಲುಬಾಯಿಗೆ "ಗಾಳಿಕುಂಟು" ಎನ್ನುತ್ತಾರೆ, ಕೆಚ್ಚಲು ಬಾವಿಗೆ "ಪೊದುಗುವಾಪು" ಎನ್ನುತ್ತಾರೆ. ಆ ಹೆಸರನ್ನೂ ಒಮ್ಮೆ ಹೇಳಿದರೆ ಇನ್ನಷ್ಟು ಮನೆ ಕಿವಿಗೊಡುತ್ತವೆ.
- ಶೇಕಡಾ ಲೆಕ್ಕ ಬೇಡ, ಅಳತೆ ಬೇಕು. "ಶೇ. 4ರ ಸೋಡಾ ದ್ರಾವಣ" ಎಂದರೆ ಯಾರಿಗೂ ಹಿಡಿಯುವುದಿಲ್ಲ. "ಹತ್ತು ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ" ಎಂದರೆ ಕೊಟ್ಟಿಗೆ ತೊಳೆಯುತ್ತಾರೆ.

ನಾನೂ ಒಂದು ಕಡೆ ಹಟ ಹಿಡಿದೆ. "ಲಸಿಕೆ ಹಾಕಿಸಿದರೆ ರೋಗ ಬರುವುದೇ ಇಲ್ಲ" ಎಂದು ಹೇಳಿಬಿಡಿ, ಕೇಳಲು ಚೆನ್ನಾಗಿರುತ್ತದೆ ಎಂದು ಅವರು ಸೂಚಿಸಿದರು. ನಾನು ಒಪ್ಪಲಿಲ್ಲ. ಹಾಗೆ ಹೇಳಿ, ನಾಳೆ ಲಸಿಕೆ ಬಿದ್ದ ಒಂದು ಹಸುವಿಗೆ ರೋಗ ಬಂದರೆ ಇಡೀ ಊರು ಲಸಿಕೆಯ ನಂಬಿಕೆ ಬಿಡುತ್ತದೆ. ಕೊನೆಗೆ ಇಬ್ಬರೂ ಒಪ್ಪಿದ್ದು: "ಬರುವ ಸಂಭವ ಬಹಳ ಕಡಿಮೆ. ಅಕಸ್ಮಾತ್ ಬಂದರೂ ಜೋರು ಕಡಿಮೆ." ಮಾತು ಸುಲಭವಾಗಲಿ ಎಂದು ಅವರು ಎಳೆಯಬೇಕು, ಸತ್ಯ ಜಾರದಿರಲಿ ಎಂದು ನಾವು ಹಿಡಿಯಬೇಕು. ಒಳ್ಳೆಯ ಕಾರ್ಯಕ್ರಮ ಈ ಎಳೆದಾಟದಲ್ಲೇ ಹುಟ್ಟುವುದು.

ಮೂರನೆಯವರು ಹೈನುಗಾರರು. ಬರೆದುಕೊಂಡ ಮಾತನ್ನು ಧ್ವನಿಮುದ್ರಣಕ್ಕೆ ಮೊದಲು ಒಂದು ಸಂಘದ ಮುಂದೆ, ಹಾಲು ಹಾಕಲು ಸಾಲಿನಲ್ಲಿ ನಿಂತವರಿಗೆ ಓದಿ ಹೇಳಿದೆ. ಓದಿದ ಮೇಲೆ "ನಾನು ಏನು ಹೇಳಿದೆ, ನೀವೇ ಹೇಳಿ" ಎಂದೆ. ಅವರು ತಪ್ಪಾಗಿ ತಿರುಗಿ ಹೇಳಿದ ಕಡೆಯೆಲ್ಲ ತಿದ್ದಿಕೊಂಡೆ. ತಪ್ಪು ಅವರದ್ದಲ್ಲ, ನನ್ನ ವಾಕ್ಯದ್ದು. ನನ್ನ ಹಳೆಯ ವಾಕ್ಯ ಕೊನೆಗೆ ಹೀಗಾಯಿತು: "ಆರು ತಿಂಗಳಿಗೊಮ್ಮೆ ಕಾಲುಬಾಯಿ ಲಸಿಕೆ ಹಾಕಿಸಿ. ಎರಡು ದಿನ ಇಳಿದ ಹಾಲು ಮತ್ತೆ ಏರುತ್ತದೆ. ರೋಗ ಬಂದು ಇಳಿದ ಹಾಲು ಮೊದಲಿನಷ್ಟು ಏರುವುದು ಕಷ್ಟ."

ಮಾದರಿ ಪಾಠ: ಸಾಲಿನಲ್ಲಿ ನಿಂತವರು ಕೇಳಿದ ಪ್ರಶ್ನೆಗಳು

ಆ ದಿನ ಸಂಘದ ಮುಂದೆ ಬಂದ ಪ್ರಶ್ನೆಗಳೇ ಆಮೇಲೆ ಕಾರ್ಯಕ್ರಮದ ಬೆನ್ನೆಲುಬಾದವು. ನಿಮಗೂ ಉಪಯೋಗವಾಗಲಿ ಎಂದು ಕೊಡುತ್ತಿದ್ದೇನೆ.

*ಲಸಿಕೆ ಹಾಕಿದ ದಿನದ ಹಾಲನ್ನು ಡೇರಿಗೆ ಹಾಕಬಹುದಾ?*
ಹಾಕಬಹುದು, ಮನೆಯಲ್ಲೂ ಬಳಸಬಹುದು. ಇದು ಆ್ಯಂಟಿಬಯೋಟಿಕ್ ಅಲ್ಲ. ಆ್ಯಂಟಿಬಯೋಟಿಕ್ ಕೊಟ್ಟ ರಾಸುವಿನ ಹಾಲನ್ನು ಮಾತ್ರ ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬೇಡಿ.

*ಯಾವ ವಯಸ್ಸಿಗೆ, ಎಷ್ಟು ಸಲ?*
ನಾಲ್ಕು ತಿಂಗಳು ತುಂಬಿದ ಕರುವಿನಿಂದ ಹಿಡಿದು ಎಲ್ಲ ಹಸು, ಎಮ್ಮೆ, ಎತ್ತುಗಳಿಗೂ ಆರು ತಿಂಗಳಿಗೊಮ್ಮೆ. ಮೊದಲ ಸಲ ಹಾಕಿಸಿದ ಕರುವಿಗೆ ಒಂದು ತಿಂಗಳ ನಂತರ ಇನ್ನೊಂದು. ತುಂಬು ಗಬ್ಬದ ರಾಸು ಇದ್ದರೆ ಮೊದಲೇ ತಿಳಿಸಿ. ಹಾಕುವುದೋ ಮುಂದೂಡುವುದೋ ವೈದ್ಯರು ನೋಡಿ ಹೇಳುತ್ತಾರೆ.

*ಹಾಕಿಸಿದ ಜಾಗ ಊದಿಕೊಳ್ಳುತ್ತದಲ್ಲ?*
ಕೆಲವು ರಾಸುಗಳಿಗೆ ಸ್ವಲ್ಪ ಊತ, ಒಂದೆರಡು ದಿನ ಮೈ ಬಿಸಿ, ಹಾಲು ತುಸು ಕಡಿಮೆ ಆಗಬಹುದು. ತಾನೇ ಸರಿಹೋಗುತ್ತದೆ. ಹೋಗದಿದ್ದರೆ ಕರೆಯಿರಿ.

*ಪಕ್ಕದೂರಿಗೆ ರೋಗ ಬಂದ ಮೇಲೆ ಹಾಕಿಸಿದರೆ ಸಾಲದಾ?*
ಲಸಿಕೆಯ ಶಕ್ತಿ ಮೈಯಲ್ಲಿ ಕೂಡಲು ಎರಡು ಮೂರು ವಾರ ಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ ಆದೀತು.

*ಬಂದರೂ ದೊಡ್ಡ ಹಸು ಸಾಯುವುದಿಲ್ಲವಲ್ಲ, ಭಯ ಏಕೆ?*
ದೊಡ್ಡ ರಾಸುಗಳು ಹೆಚ್ಚಿನವು ಬದುಕುತ್ತವೆ. ಆದರೆ ಹಾಲು ಇಳಿಯುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ, ಕೆಲವು ಸೀಮೆ ಹಸುಗಳು ವಾಸಿಯಾದ ಮೇಲೂ ಬಿಸಿಲಿಗೆ ಏದುಸಿರು ಬಿಡುತ್ತವೆ. ಎಳೆಗರು ಕಣ್ಣೆದುರೇ ಸಾಯಬಹುದು.

2019ರಿಂದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಈ ಲಸಿಕೆ ಉಚಿತ. ಕೊಡಬೇಕಾದದ್ದು ರಾಸುವನ್ನು ಹಿಡಿದು ನಿಲ್ಲಿಸುವ ಹತ್ತು ನಿಮಿಷ.

ನಮ್ಮ ಸಂಘದಲ್ಲೇ ಕೇಳುಗರ ಕೂಟ

ಪುಣೆಯಲ್ಲಿ ಜನರನ್ನು ಒಂದೆಡೆ ಸೇರಿಸಲು ಎಷ್ಟೋ ಓಡಾಡಬೇಕಾಗಿತ್ತು. ನಮಗೆ ಆ ಕಷ್ಟವಿಲ್ಲ. ಊರಿನ ಹೈನುಗಾರರು ದಿನಕ್ಕೆ ಎರಡು ಸಲ, ಹೊತ್ತಿಗೆ ಸರಿಯಾಗಿ, ಕ್ಯಾನು ಹಿಡಿದು ಡೇರಿಯ ಮುಂದೆ ಸೇರುತ್ತಾರೆ. ಫ್ಯಾಟ್ ಎಷ್ಟು ಬಂತು, ಹಿಂಡಿ ಯಾವಾಗ ಬರುತ್ತದೆ ಎಂದು ಅಲ್ಲೇ ಮಾತಾಗುತ್ತದೆ. ಆ ಮಾತಿನ ಜೊತೆ ಇದನ್ನೂ ಸೇರಿಸಿಕೊಂಡರೆ ಕೂಟ ಆಯಿತು.

1. ಆಸಕ್ತಿ ಇರುವ ಹತ್ತು ಹದಿನೈದು ಜನ ಸೇರಿ. ಹಾಲು ಕರೆಯುವುದು, ಕರು ನೋಡುವುದು ಹೆಚ್ಚಾಗಿ ಹೆಣ್ಣುಮಕ್ಕಳಾದ್ದರಿಂದ ಅವರು ಅರ್ಧದಷ್ಟಾದರೂ ಇರಲಿ.

2. ಬರೆಯಬಲ್ಲ ಒಬ್ಬರು ಕೂಟದ ಪುಸ್ತಕ ಇಟ್ಟುಕೊಳ್ಳಲಿ. ಸಂಘದ ಕಾರ್ಯದರ್ಶಿಯೇ ಆಗಬೇಕೆಂದಿಲ್ಲ, ಕಾಲೇಜಿಗೆ ಹೋಗುವ ಮಗಳಾದರೂ ಸರಿ.

3. ವಾರಕ್ಕೆ ಒಂದು ಕಾರ್ಯಕ್ರಮ ಸಾಕು. ಪ್ರಸಾರದ ಹೊತ್ತು ಹಾಲಿನ ಹೊತ್ತಿಗೆ ಕೂಡಿ ಬರದಿದ್ದರೆ ಮೊಬೈಲಿನಲ್ಲಿ ಮುದ್ರಿಸಿಕೊಂಡು ಮರುದಿನ ಕೇಳಿಸಿ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದವರು, ಟೊಮೆಟೊ ಕೊಯ್ಲಿನಲ್ಲಿ ಕೋಲಾರದವರು, ಹೂವಿನ ಸುಗ್ಗಿಯಲ್ಲಿ ಮಾಲೂರಿನವರು ತಮ್ಮ ತಮ್ಮ ಹೊತ್ತು ನೋಡಿಕೊಳ್ಳಲಿ.

4. ಕೇಳಿದ ಮೇಲೆ ಐದು ನಿಮಿಷ ಮೂರು ಪ್ರಶ್ನೆ ಹಾಕಿಕೊಳ್ಳಿ. ಅವರು ಏನು ಮಾಡಲು ಹೇಳಿದರು? ನಮ್ಮಲ್ಲಿ ಅದು ಆಗುತ್ತದಾ? ಅರ್ಥವಾಗದೆ ಉಳಿದದ್ದು ಏನು?

5. ಉಳಿದ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದು, ಸಂಘಕ್ಕೆ ಬರುವ ಪಶುವೈದ್ಯರಿಗೆ ಅಥವಾ ವಿಸ್ತರಣಾಧಿಕಾರಿಗೆ ಕೊಡಿ. ಬಾನುಲಿ ಕೇಂದ್ರಕ್ಕೆ ಒಂದು ಕಾರ್ಡು ಬರೆಯಿರಿ. ಫೋನ್‌ ಇನ್ ಇದ್ದ ದಿನ ಕರೆ ಮಾಡಿ. ನಿಮ್ಮ ಪ್ರಶ್ನೆಯೇ ಅವರಿಗೆ ಮುಂದಿನ ಕಾರ್ಯಕ್ರಮದ ವಿಷಯ.

6. ಕಾರ್ಯಕ್ರಮ ಅರ್ಥವಾಗದಿದ್ದರೆ ಅದನ್ನೂ ಬರೆಯಿರಿ. "ಡಾಕ್ಟ್ರು ಹೇಳಿದ್ದು ತಲೆಗೆ ಹತ್ತಲಿಲ್ಲ" ಎಂದು ಬರೆಯಲು ಸಂಕೋಚ ಬೇಡ. ಅಂಥ ಒಂದು ಕಾರ್ಡು ನನಗೆ ಮೊದಲೇ ಬಂದಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ರೇಡಿಯೋ ಮಾಡಲಾಗದ ಕೆಲಸ

ರೇಡಿಯೋ ನಿಮ್ಮ ಹಸುವನ್ನು ಮುಟ್ಟಿ ನೋಡಲಾರದು. ಯಾವಾಗ ಲಸಿಕೆ, ಕೊಟ್ಟಿಗೆ ಹೇಗಿರಬೇಕು, ಹಾಲು ಕರೆದ ಮೇಲೆ ಅರ್ಧ ಗಂಟೆ ಹಸು ಮಲಗದಂತೆ ಏಕೆ ನೋಡಿಕೊಳ್ಳಬೇಕು, ಇಂಥದ್ದನ್ನು ಅದು ಚೆನ್ನಾಗಿ ಹೇಳುತ್ತದೆ. ಆದರೆ ಕೆಚ್ಚಲು ಬಾವಿನ ಕಾರ್ಯಕ್ರಮ ಕೇಳಿ, ಅದರಲ್ಲಿ ಬಂದ ಔಷಧದ ಹೆಸರು ಹಿಡಿದುಕೊಂಡು ಅಂಗಡಿಗೆ ಹೋಗಬೇಡಿ. ಒಂದು ಹಸುವಿಗೆ ಹಿಡಿಸಿದ ಔಷಧ ಇನ್ನೊಂದಕ್ಕೆ ಹಿಡಿಸದೇ ಹೋಗಬಹುದು, ಅರ್ಧಕ್ಕೆ ನಿಲ್ಲಿಸಿದ ಆ್ಯಂಟಿಬಯೋಟಿಕ್ ಕೆಚ್ಚಲನ್ನೂ ಕೆಡಿಸುತ್ತದೆ, ಸಂಘದ ಹಾಲನ್ನೂ ಕೆಡಿಸುತ್ತದೆ. ರಾಸು ಕಾಯಿಲೆ ಬಿದ್ದರೆ ನಿಮ್ಮ ಪಶು ಆಸ್ಪತ್ರೆಗೆ ತಿಳಿಸಿ ಅಥವಾ 1962ಕ್ಕೆ ಕರೆ ಮಾಡಿ.

ಮೊಬೈಲಿಗೆ ಬರುವ ಸುದ್ದಿಗೂ ಇದೇ ಎಚ್ಚರ ಬೇಕು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ, ಹಾಲು ಕುಡಿದರೆ ಮನುಷ್ಯರಿಗೂ ಬರುತ್ತದೆ ಎಂಬ ಮಾತು ಊರಿಂದೂರಿಗೆ ಓಡಿತು. ಆ ರೋಗ ಮನುಷ್ಯರಿಗೆ ಬರುವುದಿಲ್ಲ. ನೊಣ, ಸೊಳ್ಳೆ, ಉಣ್ಣೆಗಳಿಂದ ರಾಸುವಿನಿಂದ ರಾಸುವಿಗೆ ಹರಡುತ್ತದೆ. ಹಾಲನ್ನು ಯಾವತ್ತಿನಂತೆ ಕಾಯಿಸಿ ಕುಡಿಯಬಹುದು. ಸುದ್ದಿ ಬಂದಾಗ ಇಷ್ಟು ಕೇಳಿ: ಹೇಳಿದವರು ಯಾರು, ಅವರ ಹೆಸರು ಕೆಲಸ ಗೊತ್ತಿದೆಯಾ, ನಾವು ತಿರುಗಿ ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತಾರಾ? ಬಾನುಲಿಯಲ್ಲಿ ಮಾತನಾಡುವ ವಿಜ್ಞಾನಿಗೆ ಹೆಸರಿದೆ, ವಿಳಾಸವಿದೆ, ತಪ್ಪಿದರೆ ಹಿಡಿದು ಕೇಳಬಹುದು. ನನ್ನನ್ನು ಕೇಳಿದ ಹಾಗೆ.

ನೆನಪಿಡಿ

- ಅರ್ಧ ಕೇಳಿದ ಮಾತಿನ ಮೇಲೆ ನಿರ್ಧಾರ ಬೇಡ. ಪೂರ್ತಿ ಕೇಳಿದವರನ್ನು ಅಥವಾ ವೈದ್ಯರನ್ನು ವಿಚಾರಿಸಿ.
- ಒಬ್ಬರೇ ಕೇಳುವುದಕ್ಕಿಂತ ಹತ್ತು ಜನ ಕೂತು ಕೇಳಿ ಮಾತನಾಡಿದರೆ ಹೆಚ್ಚು ಉಳಿಯುತ್ತದೆ.
- ನಿಮ್ಮ ಪ್ರಶ್ನೆ ಕಳಿಸಿ. ಪ್ರಶ್ನೆ ಬರದಿದ್ದರೆ ಓದಿದವರು ತಮಗೆ ತೋಚಿದ್ದನ್ನೇ ಹೇಳುತ್ತಾ ಹೋಗುತ್ತಾರೆ.
- ಲಸಿಕೆ ಆರು ತಿಂಗಳಿಗೊಮ್ಮೆ. ಔಷಧ ವೈದ್ಯರು ನೋಡಿದ ಮೇಲೆ.

ಎರಡನೆಯ ಕಾರ್ಯಕ್ರಮ ಪ್ರಸಾರವಾದ ನಂತರ ಅದೇ ಹಳ್ಳಿಗೆ ಮತ್ತೆ ಲಸಿಕೆಗೆ ಹೋದೆವು. ಆ ತಾಯಿಯ ಮನೆ ಮುಂದೆ ಹಸುಗಳನ್ನು ಆಗಲೇ ಹಿಡಿದು ಕಟ್ಟಿದ್ದರು. ರೇಡಿಯೋದಲ್ಲಿ ಮಾತನಾಡಿದ್ದು ನಾನೇ, ಮೊದಲ ಸಲದ್ದೂ ನಾನೇ ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಈಗ ಹೇಳಿದಂಗೆ ಆವತ್ತೇ ಹೇಳಬಾರದಿತ್ತಾ ಸಾರ್" ಎಂದರು. ಆಮೇಲೆ ಹಸುವಿನ ಮೂಗುದಾರ ಬಿಗಿಯಾಗಿ ಹಿಡಿದುಕೊಂಡು, "ಹಾಕಿ" ಎಂದರು.

ನಿಮ್ಮ ಸಂಘದಲ್ಲಿ ಕೇಳುಗರ ಕೂಟ ಆರಂಭಿಸಿದರೆ ಮೊದಲ ತಿಂಗಳ ಪ್ರಶ್ನೆಗಳನ್ನು ಬರೆದು ನಿಮ್ಮ ಪಶುವೈದ್ಯರ ಕೈಗೆ ಕೊಡಿ. ಉತ್ತರಿಸುವ ಹೊಣೆ ನಮ್ಮದು.